ಮೂರು ದಿನದ ಮಳಿಗೆಗೆ ಕಾರ್ಡ್ ಯಂತ್ರ ಬಂದ ಕಥೆ

ಸಂತೆಯಲ್ಲಿ ಉದ್ರಿ ಸಿಗುತ್ತದೆ, ಜಾತ್ರೆಯಲ್ಲಿ ಸಿಗುವುದಿಲ್ಲ. ವಾರವಾರ ಬರುವ ಮೆಣಸಿನಕಾಯಿ ವ್ಯಾಪಾರಿಗೆ ನಮ್ಮ ಮುಖ ಗೊತ್ತು, ನಮಗೂ ಆತನ ಊರು ಗೊತ್ತು. 'ಮುಂದಿನ ವಾರ ಕೊಡ್ತೀನಣ್ಣ' ಅಂದರೆ ನಡೆಯುತ್ತದೆ. ಜಾತ್ರೆಗೆ ಬಂದ ಆಟಿಕೆಯವನು ಮೂರು ದಿನದಲ್ಲಿ ಗಂಟು ಕಟ್ಟಿ ಹೊರಡುತ್ತಾನೆ. ಅವನು ನಮಗೆ ಉದ್ರಿ ಕೊಡಲಾರ, ನಾವು ಅವನಿಗೆ ಮುಂಗಡ ಕೊಡಲಾರೆವು. ಅಲ್ಲಿ ಈ ಕೈಯಲ್ಲಿ ಕಾಸು, ಆ ಕೈಯಲ್ಲಿ ಮಾಲು.

ಕಾರ್ಡ್ ತೋರಿಸಿ ಸಾಮಾನು ಕೊಳ್ಳುವ ಪದ್ಧತಿಯ ಚರಿತ್ರೆ ನೋಡಿದರೆ, ದೊಡ್ಡ ದೊಡ್ಡ ಬ್ಯಾಂಕುಗಳೂ ಸುಮಾರು ಐವತ್ತು ವರ್ಷ ಇದೇ ಲೆಕ್ಕ ಹಾಕಿದವು. ಕಾಯಂ ಅಂಗಡಿ ಇದ್ದವನಿಗೆ ಕಾರ್ಡ್ ಯಂತ್ರ ಸುಲಭವಾಗಿ ಸಿಕ್ಕಿತು. ಮೇಳದಲ್ಲಿ, ವಸ್ತುಪ್ರದರ್ಶನದಲ್ಲಿ ಮೂರು ದಿನ ಮಳಿಗೆ ಹಾಕುವವನಿಗೆ ಸಿಗುವುದು ಕಷ್ಟವಾಯಿತು. ಯಂತ್ರದ ಕೊರತೆಗಿಂತ ಹೆಚ್ಚಾಗಿ ನಂಬಿಕೆಯ ಕೊರತೆ ಇದಕ್ಕೆ ಕಾರಣ.

ಈಗ ನಮ್ಮ ಊರುಗಳಿಂದಲೂ ಮಳಿಗೆ ಹಾಕಲು ಹೋಗುವವರು ಇದ್ದಾರೆ. ಸ್ವಸಹಾಯ ಸಂಘದ ಅಕ್ಕಂದಿರು, ಜೇನು ಸಾಕುವವರು, ನೇಕಾರರು ಬೆಂಗಳೂರಿನ ಜಿಕೆವಿಕೆ ಕೃಷಿ ಮೇಳಕ್ಕೆ, ಧಾರವಾಡದ ಕೃಷಿ ಮೇಳಕ್ಕೆ, ಮೈಸೂರು ದಸರಾ ವಸ್ತುಪ್ರದರ್ಶನಕ್ಕೆ ಹೋಗುತ್ತಾರೆ. ಹಾಗಾಗಿ ಈ ಕಥೆ ನಮಗೂ ಸಂಬಂಧಿಸಿದ್ದು ಎಂದುಕೊಂಡು ಬರೆಯುತ್ತಿದ್ದೇವೆ. ಶುರುವಾಗುವುದು ಮಾತ್ರ ಅಮೆರಿಕದಲ್ಲಿ. ಈಗ ನಾವು ನೋಡುವ ಕಾರ್ಡ್ ವ್ಯವಸ್ಥೆ ಬೆಳೆದದ್ದು ಅಲ್ಲೇ.

ಬ್ಯಾಂಕ್ ನಿಂತ ಜಾಮೀನು

1950ರಲ್ಲಿ ನ್ಯೂಯಾರ್ಕಿನಲ್ಲಿ ಡೈನರ್ಸ್ ಕ್ಲಬ್ ಎಂಬ ಕಾರ್ಡ್ ಬಂತು. ಅದು ರಟ್ಟಿನ ಕಾರ್ಡು. ಹೋಟೆಲಿನಲ್ಲಿ ಉಂಡು, ಕಾರ್ಡ್ ತೋರಿಸಿ, ತಿಂಗಳ ಕೊನೆಗೆ ದುಡ್ಡು ಕಟ್ಟುವ ಏರ್ಪಾಡು. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಇನ್ನೂ ಮುಂದೆ ಹೋಯಿತು. ಕ್ಯಾಲಿಫೋರ್ನಿಯಾದ ಫ್ರೆಸ್ನೊ ಎಂಬ ಊರಿನ ಜನರಿಗೆ, ಯಾರೂ ಅರ್ಜಿ ಹಾಕದಿದ್ದರೂ, ಸುಮಾರು 60,000 ಕಾರ್ಡುಗಳನ್ನು ಅಂಚೆಯಲ್ಲಿ ಕಳಿಸಿತು. ಊರಿನ ಅಂಗಡಿಯವರನ್ನು ಮೊದಲೇ ಒಪ್ಪಿಸಿತ್ತು. ಕಾರ್ಡ್ ಕಳ್ಳತನ, ಸಾಲ ಕಟ್ಟದವರ ಕಾಟ ಎಲ್ಲ ಸೇರಿ ಶುರುವಿನಲ್ಲಿ ಬ್ಯಾಂಕಿಗೆ ಭಾರಿ ನಷ್ಟವಾಯಿತು. ಆದರೂ ಅದು ಕೈಬಿಡಲಿಲ್ಲ. ಅದೇ ಕಾರ್ಡು 1976ರಲ್ಲಿ ವೀಸಾ ಎಂದು ಹೆಸರು ಬದಲಿಸಿಕೊಂಡಿತು.

ಇಲ್ಲಿ ಒಂದು ವಿಷಯ ಬಿಡಿಸಿ ನೋಡಬೇಕು. ಗಿರಾಕಿ ಕಾರ್ಡ್ ಕೊಟ್ಟಾಗ ಅಂಗಡಿಯವನಿಗೆ ದುಡ್ಡು ಕೊಡುವುದು ಬ್ಯಾಂಕು. ಗಿರಾಕಿಯಿಂದ ಅದು ವಸೂಲಾಗುವುದು ಆಮೇಲೆ. ಈ ನಡುವೆ ಗಿರಾಕಿ 'ನನಗೆ ಮಾಲು ಬರಲೇ ಇಲ್ಲ' ಎಂದು ದೂರು ಕೊಟ್ಟು, ಅದು ನಿಜವಾದರೆ, ಬ್ಯಾಂಕು ಅಂಗಡಿಯವನ ಖಾತೆಯಿಂದ ಹಣ ವಾಪಸ್ ಎಳೆಯುತ್ತದೆ. ಇದಕ್ಕೆ ಚಾರ್ಜ್‌ಬ್ಯಾಕ್ ಎನ್ನುತ್ತಾರೆ. ಅಷ್ಟರಲ್ಲಿ ಅಂಗಡಿಯವನು ಊರು ಬಿಟ್ಟಿದ್ದರೆ? ನಷ್ಟ ಅವನಿಗೆ ಯಂತ್ರ ಕೊಟ್ಟ ಬ್ಯಾಂಕಿನ ತಲೆಗೆ.

ಅಂದರೆ ಯಂತ್ರ ಕೊಡುವುದೆಂದರೆ ಆ ವ್ಯಾಪಾರಿಗೆ ಜಾಮೀನು ನಿಂತಂತೆ. ಹಾಗಾಗಿ ಬ್ಯಾಂಕು ಅಂಗಡಿಯ ವಿಳಾಸ ಕೇಳಿತು, ಬಾಡಿಗೆ ಕರಾರು ಕೇಳಿತು, ಎಷ್ಟು ವರ್ಷದ ವ್ಯಾಪಾರ ಎಂದು ಕೇಳಿತು. ವಸ್ತುಪ್ರದರ್ಶನದ ಮಳಿಗೆಯವನ ಹತ್ತಿರ ಇವು ಇರುತ್ತಿದ್ದುದು ಕಡಿಮೆ. ಮೇಲಾಗಿ ಅಲ್ಲಿ ಮಾದರಿ ತೋರಿಸಿ, ಮುಂಗಡ ಪಡೆದು, ಮಾಲನ್ನು ತಿಂಗಳ ಮೇಲೆ ಕಳಿಸುವ ವ್ಯಾಪಾರ ಹೆಚ್ಚು. ಬ್ಯಾಂಕ್ ಹೆದರುವುದು ಇಂಥ ವ್ಯಾಪಾರಕ್ಕೇ.

ಕರೆಂಟ್ ಬೇಡದ ಯಂತ್ರ

ಮೊದಲ ಯಂತ್ರ ಮಳಿಗೆಗೆ ಹೇಳಿ ಮಾಡಿಸಿದಂತಿತ್ತು ಎಂದರೆ ಆಶ್ಚರ್ಯವಾಗಬಹುದು. ಆಗಿನ ಕಾರ್ಡಿನ ಮೇಲೆ ಸಂಖ್ಯೆಗಳು ಉಬ್ಬಿಕೊಂಡಿರುತ್ತಿದ್ದವು. ಕಬ್ಬಿಣದ ಹಲಗೆಯ ಮೇಲೆ ಕಾರ್ಡ್ ಇಟ್ಟು, ಅದರ ಮೇಲೆ ಕಾರ್ಬನ್ ಸೇರಿಸಿದ ಚೀಟಿ ಹಾಕಿ, ಹಿಡಿಯನ್ನು ಒಮ್ಮೆ ಆಚೆ ಒಮ್ಮೆ ಈಚೆ ಎಳೆದರೆ ಸಂಖ್ಯೆ ಚೀಟಿಯ ಮೇಲೆ ಅಚ್ಚಾಗುತ್ತಿತ್ತು. ಗಿರಾಕಿಯ ಸಹಿ ಹಾಕಿಸಿದರೆ ಮುಗಿಯಿತು. ಕರೆಂಟ್ ಬೇಡ, ಫೋನ್ ಬೇಡ, ಚೀಲದಲ್ಲಿ ಹಾಕಿಕೊಂಡು ಹೋಗಬಹುದು. ಎಳೆಯುವಾಗ ಬೆರಳ ಗೆಣ್ಣಿಗೆ ಪೆಟ್ಟಾಗುತ್ತಿದ್ದುದರಿಂದ ಅದಕ್ಕೆ ಗೆಣ್ಣು ಮುರುಕ ಎಂಬರ್ಥದ ಅಡ್ಡಹೆಸರು ಬಿತ್ತು.

ತೊಡಕು ಇದ್ದದ್ದು ನಿಯಮದಲ್ಲಿ. ಪ್ರತಿ ಅಂಗಡಿಗೂ ಬ್ಯಾಂಕು ಒಂದು ಮಿತಿ ಹಾಕುತ್ತಿತ್ತು. ಬಿಲ್ಲು ಅದಕ್ಕಿಂತ ಮೇಲೆ ಹೋದರೆ ಫೋನ್ ಮಾಡಿ ಒಪ್ಪಿಗೆ ಪಡೆಯಬೇಕು. ಕಳುವಾದ, ರದ್ದಾದ ಕಾರ್ಡುಗಳ ಸಂಖ್ಯೆಗಳನ್ನು ಬ್ಯಾಂಕಿನವರು ಪುಸ್ತಕವಾಗಿ ಅಚ್ಚು ಹಾಕಿಸಿ ಕಳಿಸುತ್ತಿದ್ದರು. ಸಣ್ಣ ಅಕ್ಷರದ ಆ ಪಟ್ಟಿಯಲ್ಲಿ ಗಿರಾಕಿಯ ಸಂಖ್ಯೆ ಇದೆಯೇ ಎಂದು ಹುಡುಕಬೇಕು. ನಿಯಮದಂತೆ ನೋಡದೆ ಕೊಟ್ಟು, ಆಮೇಲೆ ಅದು ಕಳ್ಳ ಕಾರ್ಡ್ ಎಂದಾದರೆ ನಷ್ಟ ವ್ಯಾಪಾರಿಯದು.

ಕಾಯಂ ಅಂಗಡಿಯವನ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಫೋನ್ ಇರುತ್ತಿತ್ತು. ಪ್ರದರ್ಶನದ ದೊಡ್ಡ ಹಾಲಿನಲ್ಲಿ ಮೇಜು ಹಾಕಿಕೊಂಡವನು ಏನು ಮಾಡಬೇಕು? ಗಿರಾಕಿಯನ್ನು ನಿಲ್ಲಿಸಿ ಫೋನ್ ಹುಡುಕಿ ಹೋಗಬೇಕು, ಇಲ್ಲವೇ ಮುಖ ನೋಡಿ ನಂಬಿ ಮಾಲು ಕೊಡಬೇಕು.

ಇಸ್ತ್ರಿ ಪೆಟ್ಟಿಗೆಯ ಉಪಕಾರ

ಕಾರ್ಡಿನ ಹಿಂದೆ ಕಪ್ಪು ಪಟ್ಟಿ ಇರುತ್ತದಲ್ಲ, ಅದರ ಕಥೆ ಸ್ವಾರಸ್ಯವಾಗಿದೆ. 1960ರ ದಶಕದ ಮೊದಲಲ್ಲಿ ಐಬಿಎಂ ಕಂಪನಿಯ ಎಂಜಿನಿಯರ್ ಫಾರೆಸ್ಟ್ ಪ್ಯಾರಿ ಟೇಪಿನ ತುಂಡೊಂದನ್ನು ಪ್ಲಾಸ್ಟಿಕ್ ಕಾರ್ಡಿಗೆ ಅಂಟಿಸಲು ಒದ್ದಾಡುತ್ತಿದ್ದರು. ಕ್ಯಾಸೆಟ್‌ನಲ್ಲಿ ಇರುವಂಥದ್ದೇ ಟೇಪು. ಯಾವ ಅಂಟು ಹಾಕಿದರೂ ಸರಿಹೋಗುತ್ತಿರಲಿಲ್ಲ. ಮನೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಅವರ ಪತ್ನಿ, ಇದರಿಂದಲೇ ಒತ್ತಿ ನೋಡಿ ಎಂದರಂತೆ. ಬಿಸಿಗೆ ಟೇಪು ಪ್ಲಾಸ್ಟಿಕ್ಕಿಗೆ ಸರಿಯಾಗಿ ಕೂತಿತು.

ಪಟ್ಟಿಯಲ್ಲಿ ಕಾರ್ಡಿನ ಸಂಖ್ಯೆಯನ್ನು ಯಂತ್ರ ಓದುವಂತೆ ಬರೆದಿಡಬಹುದಾಯಿತು. 1973ರ ಹೊತ್ತಿಗೆ, ಮುಂದೆ ವೀಸಾ ಆದ ಸಂಸ್ಥೆ ಕಂಪ್ಯೂಟರ್ ಮೂಲಕ ಒಪ್ಪಿಗೆ ಕೊಡುವ ಏರ್ಪಾಡು ಶುರುಮಾಡಿತು. 1981ರಲ್ಲಿ ಹವಾಯಿಯಲ್ಲಿ ಹುಟ್ಟಿದ ವೆರಿಫೋನ್ ಕಂಪನಿ, ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಇಡುವಂಥ ಸಣ್ಣ, ಅಗ್ಗದ ಯಂತ್ರಗಳನ್ನು ಊರೂರಿಗೆ ಹರಡಿತು. ಕಾರ್ಡ್ ಉಜ್ಜಿದರೆ ಯಂತ್ರವೇ ಫೋನ್ ಮಾಡಿ ಬ್ಯಾಂಕನ್ನು ಕೇಳಿ ಉತ್ತರ ತರುತ್ತಿತ್ತು. ಈ ಕಂಪನಿಯ ಒಂದು ಕಚೇರಿ 1990ರ ದಶಕದಲ್ಲಿ ನಮ್ಮ ಬೆಂಗಳೂರಿನಲ್ಲೂ ಇತ್ತು. ಇಲ್ಲಿನ ಎಂಜಿನಿಯರುಗಳು ಅದಕ್ಕೆ ಸಾಫ್ಟ್‌ವೇರ್ ಬರೆಯುತ್ತಿದ್ದರು.

ಅಂಗಡಿಯವರಿಗೆ ಇದರಿಂದ ಅನುಕೂಲವಾಯಿತು, ಮಳಿಗೆಯವರು ಮತ್ತೆ ಹಿಂದೆ ಬಿದ್ದರು. ಹಳೆಯ ಯಂತ್ರ ಚೀಲದಲ್ಲಿ ಹೋಗುತ್ತಿತ್ತು, ಹೊಸದಕ್ಕೆ ಕರೆಂಟ್ ಬೇಕು, ಫೋನ್ ತಂತಿ ಬೇಕು. ಮಳಿಗೆಗೆ ಫೋನ್ ಬೇಕೆಂದರೆ ಹಾಲಿನವರಿಗೆ ಬಾಡಿಗೆ ಕಟ್ಟಬೇಕು. ಕಟ್ಟಲಾಗದವರು ಕಾರ್ಡಿನ ಸಂಖ್ಯೆ ಬರೆದಿಟ್ಟುಕೊಂಡು ಮನೆಗೆ ಹೋಗಿ ಯಂತ್ರಕ್ಕೆ ಒತ್ತುತ್ತಿದ್ದರು. ಹಾಗೆ ಒತ್ತಿದ ವ್ಯವಹಾರಕ್ಕೆ ಬ್ಯಾಂಕು ಹೆಚ್ಚು ಕಮಿಷನ್ ಹಿಡಿಯುತ್ತಿತ್ತು. ಕಾರ್ಡ್‌ನಲ್ಲಿ ದುಡ್ಡಿಲ್ಲ ಎಂದು ಅಲ್ಲಿ ಹೋದ ಮೇಲೆ ಗೊತ್ತಾದರೆ, ಮಾಲು ಆಗಲೇ ಗಿರಾಕಿಯ ಮನೆ ಸೇರಿರುತ್ತಿತ್ತು. ತಂತಿಯಿಲ್ಲದ ಯಂತ್ರಗಳು ಆಮೇಲೆ ಬಂದವು, ಆದರೆ ಸಣ್ಣ ವ್ಯಾಪಾರಿಗೆ ಅವು ದುಬಾರಿ.

ಗಾಜಿನ ನಲ್ಲಿ ಮಾರುವವನ ಸಿಟ್ಟು

ಬದಲಾವಣೆ ತಂದವರಲ್ಲಿ ಒಬ್ಬ ಗಾಜಿನ ಕುಶಲಕರ್ಮಿ. ಹೆಸರು ಜಿಮ್ ಮೆಕೆಲ್ವಿ, ಊರು ಅಮೆರಿಕದ ಸೇಂಟ್ ಲೂಯಿಸ್. 2009ರಲ್ಲಿ ತಾವು ಮಾಡಿದ ಗಾಜಿನ ನಲ್ಲಿಯೊಂದಕ್ಕೆ ಗಿರಾಕಿ ಸಿಕ್ಕರು. ಬೆಲೆ ಸುಮಾರು 2,000 ಡಾಲರ್. ಆ ಗಿರಾಕಿಯ ಬಳಿ ಇದ್ದದ್ದು ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡು. ಮೆಕೆಲ್ವಿಗೆ ಅದನ್ನು ಪಡೆಯುವ ಏರ್ಪಾಡು ಇರಲಿಲ್ಲ. ವ್ಯಾಪಾರ ಕೈತಪ್ಪಿತು.

ಹಿಂದೆ ಹುಡುಗನಾಗಿದ್ದಾಗ ತಮ್ಮ ಬಳಿ ಕೆಲಸ ಮಾಡಿದ್ದ ಜ್ಯಾಕ್ ಡಾರ್ಸಿ ಜೊತೆ ಅವರು ಈ ವಿಷಯ ಮಾತಾಡಿದರು. ಡಾರ್ಸಿ ಅಷ್ಟರಲ್ಲಿ ಟ್ವಿಟರ್ ಕಟ್ಟಿದವರಲ್ಲಿ ಒಬ್ಬರಾಗಿದ್ದರು. ಇಬ್ಬರೂ ಸೇರಿ ಸ್ಕ್ವೇರ್ ಎಂಬ ಕಂಪನಿ ಮಾಡಿದರು. ಬೆರಳ ತುದಿಯಷ್ಟು ಅಗಲದ ಒಂದು ಚೌಕ, ಅದನ್ನು ಫೋನಿನಲ್ಲಿ ಇಯರ್‌ಫೋನ್ ಸಿಕ್ಕಿಸುವ ತೂತಿಗೆ ಸಿಕ್ಕಿಸಬೇಕು. ಕಾರ್ಡಿನ ಕಪ್ಪು ಪಟ್ಟಿ ಕ್ಯಾಸೆಟ್ ಟೇಪಿನ ಸಂಬಂಧಿಯಲ್ಲವೇ? ಉಜ್ಜಿದಾಗ ಬರುವ ಸಂಕೇತವನ್ನು ಫೋನು ಧ್ವನಿಯಂತೆ ಕೇಳಿಸಿಕೊಂಡು ಸಂಖ್ಯೆಯಾಗಿ ಓದುತ್ತಿತ್ತು.

ಎಲ್ಲರೂ ಆ ಚೌಕವನ್ನು ಹೊಗಳಿದರು. ನಮ್ಮ ಪ್ರಕಾರ ನಿಜವಾದ ಬದಲಾವಣೆ ಆದದ್ದು ಕಾಗದಪತ್ರದಲ್ಲಿ. ಹಿಂದೆ ಪ್ರತಿ ವ್ಯಾಪಾರಿಯೂ ಬ್ಯಾಂಕಿನ ಜೊತೆ ಬೇರೆ ಬೇರೆ ಕರಾರು ಮಾಡಿಕೊಳ್ಳಬೇಕಿತ್ತು. ಸ್ಕ್ವೇರ್ ತಾನೇ ದೊಡ್ಡ ವ್ಯಾಪಾರಿಯಂತೆ ಬ್ಯಾಂಕಿನ ಮುಂದೆ ನಿಂತು, ಸಾವಿರಾರು ಸಣ್ಣವರನ್ನು ತನ್ನ ಹಿಂದೆ ನಿಲ್ಲಿಸಿಕೊಂಡಿತು. ಜಾಮೀನು ಈಗ ಅದರದು. ಬದಲಿಗೆ 2011ರಲ್ಲಿ ಕಾರ್ಡ್ ಉಜ್ಜಿದ ಪ್ರತಿ ವ್ಯವಹಾರಕ್ಕೆ ಶೇ 2.75 ಕಮಿಷನ್ ಹಿಡಿಯಿತು, ಅನುಮಾನ ಬಂದರೆ ಹಣ ತಡೆಹಿಡಿಯುವ ಹಕ್ಕನ್ನೂ ಇಟ್ಟುಕೊಂಡಿತು. ಈ ಚೌಕ ಸುರಕ್ಷಿತವಲ್ಲ ಎಂದು ಅದೇ ವರ್ಷ ವೆರಿಫೋನ್ ಬಹಿರಂಗವಾಗಿ ಆರೋಪಿಸಿತು. ಸ್ಕ್ವೇರ್ ಅದನ್ನು ಒಪ್ಪಲಿಲ್ಲ. ಮುಂದೆ ತನ್ನ ಚೌಕಕ್ಕೆ ಗೂಢಲಿಪಿಯ ರಕ್ಷಣೆ ಸೇರಿಸಿತು.

ಕರಕುಶಲ ಮೇಳಗಳಲ್ಲಿ, ರೈತರ ಸಂತೆಗಳಲ್ಲಿ ಮೇಜು ಹಾಕಿಕೊಳ್ಳುವವರೂ ಅಂಗಡಿಯವರಂತೆ ಕಾರ್ಡ್ ಪಡೆಯುವಂತಾಯಿತು.

ನಮ್ಮ ಮಳಿಗೆಗೆ ಬಂದ ದಾರಿ

ಭಾರತದಲ್ಲಿ ಇಯರ್‌ಫೋನ್ ತೂತಿನ ಚೌಕವನ್ನು ಹಾಗೇ ತಂದು ನಡೆಸುವಂತಿರಲಿಲ್ಲ. 2013ರ ಡಿಸೆಂಬರ್‌ನಿಂದ ಅಂಗಡಿಗಳಲ್ಲಿ ಡೆಬಿಟ್ ಕಾರ್ಡ್ ಬಳಸಿದರೆ ಪಿನ್ ಒತ್ತಲೇಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿತು. ಹಾಗಾಗಿ ಪಿನ್ ಒತ್ತುವ ಗುಂಡಿಗಳಿರುವ, ಫೋನಿಗೆ ಜೋಡಿಸುವ ಯಂತ್ರಗಳು ಬೇಕಾದವು. 2011ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈಜಿಟ್ಯಾಪ್ ಇಂಥ ಕೆಲಸ ಮಾಡಿದ ಕಂಪನಿಗಳಲ್ಲಿ ಒಂದು.

ಇತ್ತ ಕಾರ್ಡುಗಳೂ ಹಳ್ಳಿಗೆ ಬಂದವು. 2012ರಲ್ಲಿ ರುಪೇ ಕಾರ್ಡ್ ಶುರುವಾಯಿತು. 2014ರ ಜನಧನ ಖಾತೆಗಳ ಜೊತೆ ಅದು ಮನೆಮನೆಗೆ ಸಿಕ್ಕಿತು. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಯ ನೋಟು ರದ್ದಾದಾಗ ಕಾರ್ತಿಕದ ಪರಿಷೆ, ಜಾತ್ರೆಗಳ ಕಾಲ. ಕಾರ್ಡ್ ಯಂತ್ರಕ್ಕೆ ಎಲ್ಲೆಡೆ ಬೇಡಿಕೆ ಬಂತು.

ಅದೇ ವರ್ಷ ಏಪ್ರಿಲ್‌ನಲ್ಲಿ ಯುಪಿಐ ಶುರುವಾಗಿತ್ತು. ಅದು ಎಲ್ಲವನ್ನೂ ತಿರುಗಿಸಿ ಹಾಕಿತು. ಯಂತ್ರ, ನೆಟ್‌ವರ್ಕ್, ಪಿನ್ ಎಲ್ಲ ಗಿರಾಕಿಯ ಕೈಗೆ ಹೋಯಿತು. ವ್ಯಾಪಾರಿಯ ಮೇಜಿನ ಮೇಲೆ ಉಳಿದದ್ದು ಒಂದು ಕ್ಯೂಆರ್ ಹಾಳೆ. ಹಣ ಖಾತೆಯಿಂದ ಖಾತೆಗೆ ಆಗಲೇ ಹೋಗುತ್ತದೆ. ಸಾಲವಿಲ್ಲದ ಕಡೆ ಜಾಮೀನಿನ ಚಿಂತೆಯೂ ಕಡಿಮೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಮಾಲು ಬರದಿದ್ದರೆ ಹಣ ವಾಪಸ್ ತರಿಸುವ ದಾರಿ ಕಾರ್ಡಿನಲ್ಲಿ ಇದ್ದಷ್ಟು ಗಟ್ಟಿಯಾಗಿ ಯುಪಿಐಯಲ್ಲಿ ಇಲ್ಲ. ಮೇಳದಲ್ಲಿ ಕಳೆ ತೆಗೆಯುವ ಯಂತ್ರಕ್ಕೆ ಮುಂಗಡ ಕೊಟ್ಟು ಬರುವ ರೈತ ಇದನ್ನು ನೆನಪಿಡಬೇಕು. ಪಿನ್ ಒತ್ತಿದ ಮೇಲೆ ಬಿಲ್ಲು, ವಿಳಾಸ, ಮಾಲು ಕೊಡುವ ದಿನಾಂಕ ಇವೇ ನಮ್ಮ ಆಧಾರ.

ಮೇಳಕ್ಕೆ ಹೋಗುವ ಮೊದಲು

ಕ್ಯೂಆರ್ ಇದ್ದಮೇಲೆ ಕಾರ್ಡ್ ಯಂತ್ರ ಯಾಕೆ ಎಂದು ಕೇಳಬಹುದು. ಚಟ್ನಿಪುಡಿಗೆ ಬೇಡ. ಹತ್ತು ಸಾವಿರದ ಇಳಕಲ್ ಸೀರೆ ಕೊಳ್ಳುವ ಗಿರಾಕಿ ಕ್ರೆಡಿಟ್ ಕಾರ್ಡ್ ತೆಗೆಯಬಹುದು. ಅದನ್ನು ಪಡೆಯಲಾಗದಿದ್ದರೆ ಮೆಕೆಲ್ವಿಯ ನಲ್ಲಿಯ ಹಾಗೆ ವ್ಯಾಪಾರ ತಪ್ಪುತ್ತದೆ.

ಖರ್ಚಿನ ಲೆಕ್ಕ ತಿಳಿದಿರಲಿ. ವರ್ಷಕ್ಕೆ 20 ಲಕ್ಷದವರೆಗೆ ವಹಿವಾಟಿರುವ ವ್ಯಾಪಾರಿಗೆ ಯಂತ್ರದಲ್ಲಿ ಡೆಬಿಟ್ ಕಾರ್ಡ್ ಉಜ್ಜಿದರೆ ಕಮಿಷನ್ ಶೇ 0.40 ಮೀರಬಾರದು, ಒಂದು ವ್ಯವಹಾರಕ್ಕೆ 200 ರೂಪಾಯಿ ದಾಟಬಾರದು ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಿಂದ ಜಾರಿಗೆ ತಂದಿತು. ಅಂದರೆ 5,000 ರೂಪಾಯಿಯ ಸೀರೆಗೆ ಹೆಚ್ಚೆಂದರೆ 20 ರೂಪಾಯಿ. ರುಪೇ ಡೆಬಿಟ್ ಕಾರ್ಡಿಗೆ ಮತ್ತು ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಹಣಕ್ಕೆ 2020ರ ಜನವರಿಯಿಂದ ಈ ಕಮಿಷನ್ ಇಲ್ಲ. ಕ್ರೆಡಿಟ್ ಕಾರ್ಡಿಗೆ ಮಾತ್ರ ಇಂಥ ಮಿತಿ ಇಲ್ಲ. ಕರಾರಿನಲ್ಲಿ ಏನು ಬರೆದಿದೆಯೋ ಅದೇ. ಸಹಿ ಹಾಕುವ ಮೊದಲು ಆ ಸಾಲನ್ನು ಓದಿಸಿ ಕೇಳಿ.

ಯಂತ್ರಕ್ಕೆ ಮೇಳ ಇಲ್ಲದ ತಿಂಗಳಲ್ಲೂ ಬಾಡಿಗೆ ಉಂಟೇ, ಹಣ ಎಷ್ಟು ದಿನಕ್ಕೆ ಖಾತೆಗೆ ಬರುತ್ತದೆ, ಇವನ್ನೂ ಕೇಳಿ. ದಾಖಲೆ ಪರಿಶೀಲನೆಗೆ ದಿನ ಹಿಡಿಯುತ್ತದೆ, ಆದ್ದರಿಂದ ಮೇಳದ ಹಿಂದಿನ ದಿನ ಓಡಾಡಿದರೆ ಆಗದು.

ಎಲ್ಲಕ್ಕಿಂತ ಮುಖ್ಯ, ಹಣ ಯಾರ ಖಾತೆಗೆ ಹೋಗುತ್ತದೆ ಎಂದು ನೋಡಿ. ಸಂಘಕ್ಕೆ ಯಂತ್ರವಿಲ್ಲವೆಂದು ಪಕ್ಕದ ಮಳಿಗೆಯವರ ಯಂತ್ರದಲ್ಲಿ ಉಜ್ಜಿಸಿದರೆ, ದುಡ್ಡು ಅವರ ಖಾತೆಗೆ ಹೋಗುತ್ತದೆ, ದೂರು ಬಂದರೆ ಅದೂ ಅವರ ತಲೆಗೇ ಬರುತ್ತದೆ. ಆಮೇಲೆ ನಮ್ಮ ಹಣ ಕೇಳಲು ನಮ್ಮ ಬಳಿ ಒಂದು ಚೀಟಿಯೂ ಇರುವುದಿಲ್ಲ. ಮೂರು ದಿನದ ಮಳಿಗೆಯವರನ್ನೂ ವ್ಯಾಪಾರಿಗಳೆಂದು ಬ್ಯಾಂಕುಗಳು ಒಪ್ಪಲು ಐವತ್ತು ವರ್ಷ ಹಿಡಿಯಿತು. ಈಗ ಒಪ್ಪುತ್ತಿರುವಾಗ ಸಂಘದ ಹೆಸರಿನಲ್ಲೇ ಖಾತೆ, ಸಂಘದ ಹೆಸರಿನಲ್ಲೇ ಯಂತ್ರ ಮಾಡಿಸಿಕೊಳ್ಳುವುದು ಒಳ್ಳೆಯದು.