ರೊಸಾರಿಯೋ ಇಗರ್ಜಿಯ ಲಾಂಛನದ ಕಲ್ಲು

ಮಂಗಳೂರಿನ ಹಳೇ ಬಂದರಿನ ಮಗ್ಗುಲಲ್ಲಿ 1568ರಲ್ಲಿ ಪೋರ್ಚುಗೀಸರು ಕಟ್ಟಿದ ಮೊದಲ ರೊಸಾರಿಯೋ ಇಗರ್ಜಿಯಿಂದ ನಮ್ಮ ಕಾಲದವರೆಗೆ ಉಳಿದು ಬಂದ ಗುರುತು ಈ ರಾಜಲಾಂಛನದ ಕಲ್ಲು.

ಸ್ವಲ್ಪ ಬಗ್ಗಿ, ಹತ್ತಿರದಿಂದ ನೋಡಿ. ಪೋರ್ಚುಗಲ್ ದೊರೆಗಳ ಲಾಂಛನದ ನಡುವೆ ಐದು ಪುಟ್ಟ ಗುರಾಣಿಗಳು ಶಿಲುಬೆಯಾಕಾರದಲ್ಲಿ ಕೂತಿರುತ್ತವೆ. ಪ್ರತಿಯೊಂದರಲ್ಲೂ ಐದೈದು ಬೊಟ್ಟು. ಅವು ಕ್ರಿಸ್ತನ ಐದು ಗಾಯಗಳ ಸಂಕೇತ ಎಂಬುದು ಆ ನಾಡಿನ ನಂಬಿಕೆ. ಸುತ್ತಲಿನ ಅಂಚಿಗೆ ಸಣ್ಣ ಸಣ್ಣ ಕೋಟೆಗಳು, ಮೇಲೆ ಕಿರೀಟ. ನಮ್ಮೂರಿನ ಮುರಕಲ್ಲು ಗೋಡೆಗೆ ಬಲು ಒಳ್ಳೆಯದು, ಆದರೆ ಇಂಥ ನಯವಾದ ಉಳಿಕೆಲಸಕ್ಕೆ ಒಗ್ಗದು. ಅದಕ್ಕೆ ಗಟ್ಟಿಕಲ್ಲೇ ಬೇಕು.

1784ರಲ್ಲಿ, ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ, ಕೆನರಾದ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು, ಇಗರ್ಜಿ ನೆಲಸಮವಾಯಿತು. ಬದುಕುಳಿದು ಮರಳಿದವರು 1813ರಲ್ಲಿ ಅದನ್ನು ಮತ್ತೆ ಎಬ್ಬಿಸಿದರು. ಈಗ ಕಾಣುವ ಗುಮ್ಮಟದ ಕೆಥೆಡ್ರಲ್ ಅದಕ್ಕೂ ಈಚಿನದು. ಗೋಡೆಗಳು ಬದಲಾದವು, ಕಲ್ಲನ್ನು ಮಾತ್ರ ಯಾರೂ ಬಿಸಾಡಲಿಲ್ಲ. ಆ ಅಕ್ಕರೆಯೂ ಈ ಊರಿನ ಚರಿತ್ರೆಯೇ.

ಪೋರ್ಚುಗೀಸರಿಗಿಂತ ಬಹು ಹಿಂದೆಯೇ ಈ ಕರಾವಳಿಯ ಹೆಸರು ಕ್ರೈಸ್ತ ಲೋಕಕ್ಕೆ ಗೊತ್ತಿತ್ತು. 6ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ವರ್ತಕ ಕಾಸ್ಮಾಸ್, ಕಾಳುಮೆಣಸಿನ ‘ಮಾಲೆ’ ನಾಡಿನ ಬಂದರುಗಳಲ್ಲಿ ‘ಮಂಗರೂತ್’ ಅನ್ನು ಹೆಸರಿಸಿ, ಆ ನಾಡಿನಲ್ಲಿ ಕ್ರೈಸ್ತರಿದ್ದಾರೆ ಎಂದು ಬರೆದಿದ್ದಾನೆ. ಅಂಥ ಹಳೆಯ ಕಾಲದ, ಪಹ್ಲವಿ ಲಿಪಿಯ ಶಿಲುಬೆಗಲ್ಲುಗಳನ್ನು ನೋಡಬೇಕೆಂದಿದ್ದರೆ ಕೊಟ್ಟಾಯಂಗೋ ಚೆನ್ನೈನ ಸೇಂಟ್ ಥಾಮಸ್ ಮೌಂಟ್‌ಗೋ ಹೋಗಿ.

ದಯವಿಟ್ಟು ಕಲ್ಲನ್ನು ಮುಟ್ಟಬೇಡಿ, ಮೇಲೆ ಮೇಣದಬತ್ತಿ ಇಡಬೇಡಿ. ಇಳಿಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಕೆತ್ತನೆ ಚೆನ್ನಾಗಿ ಕಾಣುತ್ತದೆ.