ಎಪಿಎಲ್: ಉಪನ್ಯಾಸ ವೇದಿಕೆಯಿಂದ ಪರಿಚಿತವಾದ ಗಣಕ ಭಾಷೆ

ಎಪಿಎಲ್ ಎಂಬುದು ಗಣಿತದ ಸಂಕೇತಗಳನ್ನು ಹೋಲುವ ಚಿಹ್ನೆಗಳಲ್ಲಿ ಬರೆಯುವ ಪ್ರೋಗ್ರಾಮಿಂಗ್ ಭಾಷೆ. ಇದರ ಜನಕ ಕೆನಡಾ ಮೂಲದ ಗಣಿತಜ್ಞ ಕೆನೆತ್ ಐವರ್ಸನ್. 1962ರಲ್ಲಿ ಪ್ರಕಟವಾದ ಅವರ ‘ಎ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್’ ಗ್ರಂಥದ ಶೀರ್ಷಿಕೆಯ ಮೊದಲಕ್ಷರಗಳೇ ಭಾಷೆಯ ಹೆಸರಾದವು. 1979ರಲ್ಲಿ ಐವರ್ಸನ್ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಸಂಖ್ಯೆಗಳ ಇಡೀ ಸಾಲು ಅಥವಾ ಕೋಷ್ಟಕವನ್ನು ಒಂದೇ ಘಟಕವೆಂದು ಪರಿಗಣಿಸುವುದು ಇದರ ವೈಶಿಷ್ಟ್ಯ. ಒಂದರಿಂದ ನೂರರವರೆಗಿನ ಸಂಖ್ಯೆಗಳ ಮೊತ್ತ ಪಡೆಯಲು ಹಲವು ಭಾಷೆಗಳಲ್ಲಿ ಲೂಪ್ ರಚಿಸಬೇಕಾಗುತ್ತದೆ. ಇಲ್ಲಿ ಮೂರು ಚಿಹ್ನೆಗಳು ಹಾಗೂ 100 ಎಂಬ ಸಂಖ್ಯೆ ಸಾಕು. ಲೆಕ್ಕ ಬಲದಿಂದ ಎಡಕ್ಕೆ ಸಾಗುವುದರಿಂದ 2×3+4 ಎಂಬುದರ ಉತ್ತರ 10 ಅಲ್ಲ, 14. ವಿಶೇಷ ಚಿಹ್ನೆಗಳ ಕೀಲಿಮಣೆ ಬೇಕಾಗಿದ್ದುದು ಇದರ ಪ್ರಸಾರಕ್ಕೆ ಬಹುಕಾಲ ತೊಡಕಾಗಿತ್ತು.

ಬೆಂಗಳೂರಿನಲ್ಲಿ 2014ರಲ್ಲಿ ಆರಂಭವಾದ ‘ಫಂಕ್ಷನಲ್ ಕಾನ್ಫ್’ ಸಮಾವೇಶವು ಇಂತಹ ವಿರಳ ಬಳಕೆಯ ಭಾಷೆಗಳಿಗೆ ವೇದಿಕೆ ಒದಗಿಸಿತು. 2017ರ ಸಮಾವೇಶದಲ್ಲಿ ಅಮೆರಿಕದ ಆರನ್ ಶು ನೀಡಿದ ಉಪನ್ಯಾಸ ಗಮನಾರ್ಹ. ಅನ್ಯ ಭಾಷೆಗಳಲ್ಲಿ ಉತ್ತಮ ಪದ್ಧತಿ ಎನಿಸಿಕೊಂಡದ್ದು ಎಪಿಎಲ್‌ನಲ್ಲಿ ದೋಷವಾಗಬಲ್ಲದು, ಅಲ್ಲಿನ ದೋಷ ಇಲ್ಲಿ ಗುಣವಾಗಬಲ್ಲದು ಎಂಬುದು ಅವರ ಪ್ರತಿಪಾದನೆ. ಉಪನ್ಯಾಸದ ವಿಡಿಯೋ ಯೂಟ್ಯೂಬ್‌ನಲ್ಲಿ ಪ್ರಕಟವಾದ್ದರಿಂದ ಸಭಾಂಗಣದ ಆಚೆಗೂ ಭಾಷೆಯ ಪರಿಚಯವಾಯಿತು.

ಇಂದು ಎಪಿಎಲ್ ಅನ್ನು ಬ್ರೌಸರ್‌ನಲ್ಲಿಯೇ ಉಚಿತವಾಗಿ ಪ್ರಯೋಗಿಸಬಹುದು. ಅಂತರಜಾಲ ಸಂಪರ್ಕವಿದ್ದರೆ ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದ ವಿದ್ಯಾರ್ಥಿಗೂ ಅದು ಲಭ್ಯ. ಕೂಡು, ಗುಣಿಸು ಮುಂತಾದ ಮೂಲ ಕ್ರಿಯೆಗಳಿಗೆ ಇಲ್ಲಿ ಇಂಗ್ಲಿಷ್ ಪದಗಳ ಅಗತ್ಯವಿಲ್ಲ. ಆದರೆ ಅವುಗಳನ್ನು ಪರಿಚಯಿಸುವ ಉಪನ್ಯಾಸ ಇಂಗ್ಲಿಷಿನಲ್ಲಿದೆ. ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಚಿಹ್ನೆಗಳಿಗಿಂತ ಈ ವಿವರಣೆಯೇ ಹೆಚ್ಚು ಕಠಿಣವಾಗುವ ಸಂಭವವಿದೆ.