ಪಂಚಮಿಯ ದೆಸೆ

ಮೊನ್ನೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮೊಮ್ಮಗಳು ಪಡಸಾಲೆಯಲ್ಲಿ ಕುಳಿತು ‘ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ’ ಎಂದು ರಾಗವಾಗಿ ಬಾಯಿಪಾಠ ಮಾಡುತ್ತಿದ್ದಳು. ಐದನೆಯದಕ್ಕೆ ಬಂದಾಗಲೆಲ್ಲ ಅವಳ ನಾಲಗೆ ಎಡವುತ್ತಿತ್ತು. ಬಹಳ ವರ್ಷಗಳ ಹಿಂದೆ ನಾನೂ ಅಲ್ಲಿಯೇ ಎಡವಿದ್ದೆ. ‘ಮರದಿಂದ ಹಣ್ಣು ಬಿತ್ತು’ ಎಂಬಲ್ಲಿ ವಿಭಕ್ತಿ ಯಾವುದೆಂದು ಉಪಾಧ್ಯಾಯರು ಕೇಳಿದರು; ಅರ್ಥವನ್ನು ನೋಡಿ ಪಂಚಮಿ ಎಂದೆ. ‘ಇಂದ’ ಇದ್ದ ಮೇಲೆ ಅದು ತೃತೀಯೆ, ಪಂಚಮಿಯಾಗಬೇಕಾದರೆ ‘ಮರದ ದೆಸೆಯಿಂದ ಹಣ್ಣು ಬಿತ್ತು’ ಎನ್ನಬೇಕು ಎಂದು ತಿದ್ದಿದರು. ನಮ್ಮ ತೋಟದಲ್ಲಿ ಯಾವ ಹಣ್ಣೂ ಹಾಗೆ ಬಿದ್ದದ್ದಿಲ್ಲವಲ್ಲ ಎಂದು ನಕ್ಕುಬಿಟ್ಟೆ. ಆ ದಿನವೆಲ್ಲ ಬೆಂಚಿನ ಮೇಲೆ ನಿಂತೆ.

ಈ ‘ದೆಸೆಯಿಂದ’ ಎಂಬುದು ಎಲ್ಲಿಂದ ಬಂತು?

ಸುಮಾರು 1260ರಲ್ಲಿ ‘ಶಬ್ದಮಣಿದರ್ಪಣ’ವನ್ನು ಬರೆದ ಕೇಶಿರಾಜನು ಏಳು ವಿಭಕ್ತಿಗಳಿಗೆ ಏಳು ಪ್ರತ್ಯಯಗಳನ್ನು ಹೇಳುತ್ತಾನೆ. ಅವನ ತೃತೀಯೆ ‘ಇಂ’, ಪಂಚಮಿ ‘ಅತ್ತಣಿಂ’. ಈ ಎರಡನೆಯದನ್ನು ಸ್ವಲ್ಪ ಬಿಡಿಸಿ ನೋಡಿ. ‘ಅತ್ತ’ ಎಂದರೆ ಆ ಕಡೆ, ‘ಅತ್ತಣ’ ಎಂದರೆ ಆ ಕಡೆಯ. ಅದರ ಬಾಲಕ್ಕೆ ಅಂಟಿಕೊಂಡಿರುವುದು ಅದೇ ತೃತೀಯೆಯ ‘ಇಂ’. ಅಂದರೆ ಪಂಚಮಿಯ ಹೊಟ್ಟೆಯೊಳಗೆ ತೃತೀಯೆ ಕುಳಿತಿದೆ. ಹಳಗನ್ನಡದ ಕವಿಗಳು ಅಗಲಿಕೆಯ ಅರ್ಥದಲ್ಲಿಯೂ ಬರಿಯ ‘ಇಂ’ ಹಚ್ಚಿ ಧಾರಾಳವಾಗಿ ಬರೆದರು. ಕಾಲಾಂತರದಲ್ಲಿ ‘ಅತ್ತಣಿಂ’ ಬಳಕೆಯಿಂದ ಜಾರಿಹೋಯಿತು. ಆ ಖಾಲಿ ಮನೆಗೆ ಹೊಸಗನ್ನಡದ ಶಾಲಾವ್ಯಾಕರಣಗಳು ‘ದೆಸೆಯಿಂದ’ ಎಂಬುದನ್ನು ಕರೆತಂದು ಕೂರಿಸಿದುವು. ದೆಸೆ ಎಂದರೂ ದಿಕ್ಕೇ, ಅದರ ತುದಿಯಲ್ಲಿಯೂ ‘ಇಂದ’ವೇ. ಆದರೆ ಜನರ ಬಾಯಲ್ಲಿ ಆ ಮಾತಿಗೆ ಬೇರೆಯೇ ಬಣ್ಣ ಬಂದಿದೆ: ‘ನಿನ್ನ ದೆಸೆಯಿಂದ ನನಗೆ ಈ ಗತಿ ಬಂತು’ ಎನ್ನುವಾಗ ಅದು ಕಾರಣವನ್ನು ಹೇಳುತ್ತದೆ, ಬಹುಮಟ್ಟಿಗೆ ಬೈಗುಳದೊಡನೆ. ನಮ್ಮ ಉಪಾಧ್ಯಾಯರ ವಾಕ್ಯದಲ್ಲಿ ಹಣ್ಣು ಬಿದ್ದ ತಪ್ಪೆಲ್ಲ ಪಾಪ ಆ ಮರದ ತಲೆಗೇ ಬಂದಿತ್ತು!

ಹಾಗಾದರೆ ಏಳೇ ವಿಭಕ್ತಿಗಳು ಏಕೆ? ಸಂಸ್ಕೃತದಲ್ಲಿ ಏಳು ಇವೆ, ಅದಕ್ಕೆ. ಸ್ವಾರಸ್ಯವೆಂದರೆ, ಸಂಸ್ಕೃತದಲ್ಲಿಯೂ ಪಂಚಮಿ ಅಂಥ ಸಿರಿವಂತೆಯಲ್ಲ. ‘ರಾಮಾತ್’ ಎಂಬಂತಹ ಅಕಾರಾಂತ ಏಕವಚನದಲ್ಲಿ ಅವಳಿಗೆ ಸ್ವಂತ ರೂಪವುಂಟು. ‘ಕವೇಃ’ ಎನ್ನುವಲ್ಲಿ ಷಷ್ಠಿಯೊಡನೆ, ‘ರಾಮೇಭ್ಯಃ’ ಎನ್ನುವಲ್ಲಿ ಚತುರ್ಥಿಯೊಡನೆ, ದ್ವಿವಚನದ ‘ರಾಮಾಭ್ಯಾಂ’ನಲ್ಲಿ ತೃತೀಯೆ ಚತುರ್ಥಿಗಳೆರಡರೊಡನೆಯೂ ಹಂಚಿಕೊಂಡೇ ಬಾಳುತ್ತಾಳೆ. ಒಂದೆಡೆಯಲ್ಲಾದರೂ ಬೇರೆ ರೂಪವಿರುವುದರಿಂದ ಅಲ್ಲಿಯ ವೈಯಾಕರಣರು ಬೇರೆಯಾಗಿ ಎಣಿಸಿದ್ದು ನ್ಯಾಯವೇ. ನಮ್ಮಲ್ಲಿ ಆ ಒಂದೆಡೆಯೂ ಇಲ್ಲ. ‘ಕತ್ತಿಯಿಂದ ಕೊಯ್ದ’, ‘ಮೈಸೂರಿನಿಂದ ಬಂದ’ ಎಂಬ ಎರಡು ಮಾತುಗಳನ್ನು ಕೇಳಿ ಯಾವ ಮಗುವೂ ಗಲಿಬಿಲಿಗೊಳ್ಳುವುದಿಲ್ಲ. ಇನ್ನು ಹೆದರಿಕೆಯ ವಿಷಯ. ಸಂಸ್ಕೃತದಲ್ಲಿ ಭಯದ ಕಾರಣಕ್ಕೆ ಪಂಚಮಿ. ಕನ್ನಡದವನು ‘ಹುಲಿಗೆ’ ಹೆದರುತ್ತಾನೆ, ಚತುರ್ಥಿಯಲ್ಲಿ. ‘ಅವನಿಗಿಂತ ಹಿರಿಯ’ ಎಂದು ಹೋಲಿಸುವಾಗಲೂ ನಮಗೆ ಒದಗುವುದು ಚತುರ್ಥಿಯೇ.

ಇದು ಇಂದಿನ ದೂರಲ್ಲ. ದ್ರಾವಿಡ ಭಾಷೆಗಳ ತುಲನಾತ್ಮಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ಕಾಲ್ಡ್‌ವೆಲ್, ಈ ಭಾಷೆಗಳ ವಿಭಕ್ತಿಗಳನ್ನು ಸಂಸ್ಕೃತದ ಲೆಕ್ಕಕ್ಕೆ ಹೊಂದಿಸಿದ್ದೇ ತಪ್ಪೆಂದ. ನಮ್ಮ ಕಾಲದಲ್ಲಿ ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಪುಸ್ತಕವನ್ನೇ ಬರೆದರು.

ಆದರೂ ಕೇಶಿರಾಜನನ್ನು ಕಟಕಟೆಯಲ್ಲಿ ನಿಲ್ಲಿಸಲು ನನಗೆ ಮನಸ್ಸು ಬಾರದು. ಅವನು ಬರೆದದ್ದು ಕಾವ್ಯವನ್ನು ಬಲ್ಲವರಿಗೆ, ಹತ್ತು ವರ್ಷದ ಹುಡುಗಿಗಲ್ಲ. ಜನ್ನನ ಸೋದರಳಿಯನಾದ ಅವನು ಹಿಂದಿನ ಕವಿಗಳ ಪ್ರಯೋಗಗಳನ್ನು ಎದುರಿಗಿಟ್ಟುಕೊಂಡು ಸೂತ್ರ ಕಟ್ಟಿದ. ಹೆಸರುಗಳನ್ನು ಸಂಸ್ಕೃತದಿಂದ ತಂದರೂ, ಸಂಸ್ಕೃತದ ಪಟ್ಟಿಯಲ್ಲಿ ಸ್ಥಳವಿಲ್ಲದ ಕ್ರಿಯಾಸಮಾಸ, ಗಮಕಸಮಾಸಗಳಿಗೆ ತನ್ನ ಗ್ರಂಥದಲ್ಲಿ ಪೀಠ ಹಾಕಿದ. ಕನ್ನಡದ ಕಿವಿ ಅವನಿಗಿತ್ತು. 1872ರಲ್ಲಿ ಕಿಟ್ಟೆಲರು ಮಂಗಳೂರಿನಲ್ಲಿ ಆ ಗ್ರಂಥವನ್ನು ಅಚ್ಚು ಹಾಕಿಸಿದರಲ್ಲ, ಅದನ್ನು ಇಂದು ತೆರೆದರೂ ಪುಟಪುಟದಲ್ಲಿ ಉದಾಹರಣೆಗಳು ಮಾತಾಡುತ್ತವೆ. ನಮ್ಮ ಪಾಠಪುಸ್ತಕಗಳು ಅವನಿಂದ ಕೋಷ್ಟಕವನ್ನು ಎತ್ತಿಕೊಂಡುವು, ಕಿವಿಯನ್ನು ಅಲ್ಲಿಯೇ ಬಿಟ್ಟುವು.

ಇಷ್ಟೆಲ್ಲವನ್ನೂ ಮೊಮ್ಮಗಳಿಗೆ ಅವಳ ಭಾಷೆಯಲ್ಲಿ ಹೇಳಿದೆ. ಹುಲಿಯ ಕಥೆ ಅವಳಿಗೆ ಹಿಡಿಸಿತು. ಆಮೇಲೆ ಕೇಳಿದಳು: ‘ಹಾಗಾದರೆ ಅಜ್ಜ, ಪರೀಕ್ಷೆಯಲ್ಲಿ ಏನು ಬರೆಯಲಿ?’

ತಕ್ಷಣ ಉತ್ತರ ತೋಚಲಿಲ್ಲ. ‘ಪುಸ್ತಕದಲ್ಲಿರುವುದನ್ನೇ ಬರಿ, ಅದರ ಕೆಳಗೆ ನೀನು ಮನೆಯಲ್ಲಿ ಆಡುವ ಮಾತನ್ನೂ ಬರಿ’ ಎಂದೆ. ಅವಳು ಪಟ್ಟಿಯಲ್ಲಿ ‘ಮರದ ದೆಸೆಯಿಂದ’ ಎಂದು ದುಂಡಗೆ ಬರೆದು, ಕೆಳಗಿನ ಸಾಲಿನಲ್ಲಿ ‘ಮರದಿಂದ ಹಣ್ಣು ಬಿತ್ತು’ ಎಂದು ಬರೆದಳು. ಪಕ್ಕದಲ್ಲಿ ಒಂದು ಹಣ್ಣಿನ ಚಿತ್ರವನ್ನೂ ಬಿಡಿಸಿದಳು.